ಫೇಜ್ ಜೀನೋಮಿನ ಹೊಲಿಗೆ ಹುಡುಕುವಾಗ

ಬ್ಯಾಕ್ಟೀರಿಯಾವನ್ನು ಹಿಡಿಯುವ ವೈರಸ್‌ಗಳ, ಅಂದರೆ ಫೇಜ್‌ಗಳ, ಜೀನೋಮ್, ಅಂದರೆ ಇಡೀ ಡಿಎನ್ಎ ಬರಹ, ಒಂದು ಕೌದಿಯಿದ್ದಂತೆ. ಒಂದು ತೇಪೆ ಈ ಫೇಜ್‌ನದು, ಪಕ್ಕದ್ದು ಇನ್ನೊಂದರದು. 48,502 ಬೇಸ್ ಜೋಡಿಯ (ಬೇಸ್ ಎಂದರೆ ಡಿಎನ್ಎಯ ಅಕ್ಷರ) ಲ್ಯಾಂಬ್ಡಾ ಫೇಜನ್ನೂ ಪಿ22 ಫೇಜನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರ ಬಾಲ ಉದ್ದ, ಇನ್ನೊಂದರದು ಮೋಟು. ತಲೆ ಕಟ್ಟುವ ಜೀನ್‌ಗಳ ಅನುಕ್ರಮದಲ್ಲಿ ಹೋಲಿಕೆ ಕಾಣದು. ಆದರೂ ನಿಯಂತ್ರಣದ ಜೀನ್‌ಗಳು ಎರಡರಲ್ಲೂ ಬಹುಮಟ್ಟಿಗೆ ಒಂದೇ ಕ್ರಮದಲ್ಲಿವೆ, ನಡುನಡುವೆ ಹೆಚ್ಚುಕಡಿಮೆ ಅಕ್ಷರಕ್ಕಕ್ಷರ ಕೂಡುವ ತುಣುಕುಗಳೂ ಇವೆ. ನಾನು ಹುಡುಕುವುದು ಆ ತುಣುಕುಗಳ ಅಂಚನ್ನು, ಹೊಲಿಗೆಯನ್ನು. ಪ್ರಯೋಗಾಲಯದ ತಪ್ಪುಗಳೂ ಥೇಟ್ ಇಂಥದೇ ಹೊಲಿಗೆ ಹಾಕುತ್ತವೆ. ಹಾಗಾಗಿ ಅರ್ಧ ಶ್ರಮ ಸುಳ್ಳು ಹೊಲಿಗೆಯನ್ನು ದೂರವಿಡುವುದಕ್ಕೇ ಹೋಗುತ್ತದೆ.

ಒಂಟಿ ಪ್ಲಾಕ್ (ತಟ್ಟೆಯ ಬ್ಯಾಕ್ಟೀರಿಯಾ ಪದರದಲ್ಲಿ ಫೇಜ್ ಕೊರೆದ ತಿಳಿ ಚುಕ್ಕೆ) ಎತ್ತಿ, ಬಿತ್ತಿ, ಮತ್ತೆ ಎತ್ತುವುದನ್ನು ಮೂರು ಸಲ ಮಾಡುತ್ತೇನೆ. ಎರಡು ಫೇಜ್ ಬೆರೆತಿದ್ದರೆ, ಇಬ್ಬರಿಗೂ ಸಮಾನವಾದ ಭಾಗದಲ್ಲಿ ಓದಿದ ತುಣುಕುಗಳನ್ನು ಜೋಡಿಸುವ ಅಸೆಂಬ್ಲಿ ತಂತ್ರಾಂಶ ಹಳಿ ತಪ್ಪಿ ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಸಿಬಿಡುತ್ತದೆ. ಆತಿಥೇಯ ಬ್ಯಾಕ್ಟೀರಿಯಾದೊಳಗೆ ಮಲಗಿರುವ ಫೇಜ್, ಅಂದರೆ ಪ್ರೊಫೇಜ್, ಎದ್ದು ಬಂದರೂ ಇದೇ ಗತಿ. ಆದ್ದರಿಂದ ಆತಿಥೇಯದ ಜೀನೋಮನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

50,000 ಬೇಸ್ ಜೋಡಿಯ ಫೇಜ್ 10 ಶತಕೋಟಿ ಇದ್ದರೆ ಸಿಗುವ ಡಿಎನ್ಎ ಸುಮಾರು ಅರ್ಧ ಮೈಕ್ರೋಗ್ರಾಂ. ಲೈಸೇಟನ್ನು (ಫೇಜ್ ಒಡೆದ ಬ್ಯಾಕ್ಟೀರಿಯಾದ ದ್ರವವನ್ನು) 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಕವಚದ ಹೊರಗಿನ ಡಿಎನ್ಎ, ಆರ್ಎನ್ಎ ಕತ್ತರಿಸುವ ಕಿಣ್ವಗಳಾದ ಡಿಎನ್ಏಸ್ ಮತ್ತು ಆರ್ಎನ್ಏಸ್ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡುತ್ತೇನೆ. ಆಮೇಲೆ ಡಿಎನ್ಏಸ್‌ನ ಕೆಲಸ ನಿಲ್ಲಿಸಲು 20 ಮಿಲಿಮೋಲಾರ್ ಇಡಿಟಿಎ ಸೇರಿಸಿ 75 ಡಿಗ್ರಿಯಲ್ಲಿ 10 ನಿಮಿಷ. ಈ ಹೆಜ್ಜೆ ತಪ್ಪಿತೋ, ಕವಚ ಒಡೆದ ಕ್ಷಣವೇ ಉಳಿದ ಡಿಎನ್ಏಸ್ ಫೇಜ್‌ನ ಡಿಎನ್ಎಯನ್ನೂ ತಿಂದುಹಾಕುತ್ತದೆ, ಜೆಲ್ ಖಾಲಿ. ನಂತರ ಕವಚ ಒಡೆಯಲು 0.5% ಎಸ್‌ಡಿಎಸ್, ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಪ್ರೋಟೀನೇಸ್ ಕೆ, 56 ಡಿಗ್ರಿ, ಒಂದು ಗಂಟೆ. ಪಿ22ನಂಥ ಫೇಜ್‌ಗಳು ಆತಿಥೇಯದ ಡಿಎನ್ಎಯನ್ನೇ ಕವಚದೊಳಗೆ ತುಂಬಿಕೊಂಡಿರುವುದುಂಟು. ಅದನ್ನು ಡಿಎನ್ಏಸ್ ಮುಟ್ಟಲಾರದು. ಅಲ್ಲಿ ಕಾಣುವ ಬ್ಯಾಕ್ಟೀರಿಯಾದ ರೀಡ್‌ಗಳೆಲ್ಲ (ಯಂತ್ರ ಓದಿಕೊಟ್ಟ ಡಿಎನ್ಎ ತುಣುಕುಗಳೆಲ್ಲ) ಕೊಳೆಯಲ್ಲ. ಜೀನ್ ಸಾಗಣೆಯ ಒಂದು ದಾರಿಯೇ ಅದು.

ರೀಡ್‌ಗಳು ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ತಪ್ಪು. 40,000 ಬೇಸ್ ಜೋಡಿಗೆ 100 ಪಟ್ಟು ಆಳ (ಪ್ರತಿ ಬೇಸನ್ನೂ ಸರಾಸರಿ 100 ಸಲ ಓದುವುದು) ಸಾಕು, ಅಂದರೆ 150 ಬೇಸಿನ ರೀಡ್‌ಗಳ ಸುಮಾರು 13,300 ಜೋಡಿ. ಅದರ ಹತ್ತಾರು ಪಟ್ಟು ಸುರಿದರೆ ಓದಿನ ತಪ್ಪುಗಳೇ ಗುಂಪುಗಟ್ಟಿ ಬೇರೆ ಕಾಂಟಿಗ್ (ರೀಡ್ ಕೂಡಿಸಿ ಕಟ್ಟಿದ ಉದ್ದ ತುಂಡು) ಆಗುತ್ತವೆ. ಸರಿಯಾಗಿ 5,386 ಬೇಸಿನ ಕಾಂಟಿಗ್ ಬಂದರೆ ಹಿಗ್ಗಬೇಡಿ: ಅದು ಡಿಎನ್ಎ ಓದುವ ಇಲ್ಯುಮಿನಾ ಯಂತ್ರದ ಓಟಕ್ಕೆ ನಿಯಂತ್ರಣವಾಗಿ ಬೆರೆಸುವ ಫೈ‌ಎಕ್ಸ್174 ಫೇಜ್.

ಕಾಂಟಿಗ್‌ನ ಎರಡು ತುದಿಗಳಲ್ಲಿ ಒಂದೇ ಅನುಕ್ರಮ ಕಂಡರೆ ಅದರ ಉದ್ದ ಅಳೆಯಿರಿ. ಅಸೆಂಬ್ಲಿಗೆ ಬಳಸಿದ ಕೆ-ಮರ್ (ತಂತ್ರಾಂಶ ರೀಡ್ ಕತ್ತರಿಸಿ ಹೋಲಿಸುವ ತುಣುಕು) ಅಳತೆಯಷ್ಟೇ, ಉದಾಹರಣೆಗೆ 127, ಇದ್ದರೆ ಅದು ತಂತ್ರಾಂಶದ ಗುರುತು; ಒಂದು ಪ್ರತಿ ಕತ್ತರಿಸಿ ತೆಗೆಯಿರಿ. ನಿಜವಾದ ತುದಿ ಪುನರಾವರ್ತನೆ ಟಿ7ರಲ್ಲಿದೆ, 160 ಬೇಸ್ ಜೋಡಿ. ಒಂದೇ ಪ್ರತಿಯಾಗಿ ಮಡಚಿಕೊಂಡು ಬಂದಾಗ ಅಲ್ಲಿ ರೀಡ್‌ಗಳ ಆಳ ಇಮ್ಮಡಿಯಾಗಿರುತ್ತದೆ. ತುದಿಗಳು ಸ್ಥಿರವಲ್ಲದ ಫೇಜ್‌ಗಳ ಜೀನೋಮನ್ನೆಲ್ಲ ಟರ್ಮಿನೇಸ್ (ಡಿಎನ್ಎಯನ್ನು ತಲೆಯೊಳಗೆ ತುಂಬುವ ಕಿಣ್ವ) ಜೀನಿನಿಂದ ಶುರುವಾಗುವಂತೆ ತಿರುಗಿಸಿಡದಿದ್ದರೆ ಹೋಲಿಕೆಯ ಚಿತ್ರದಲ್ಲಿ ಇಲ್ಲದ ಮುರಿತ ಮೂಡುತ್ತದೆ.

ಇನ್ನು ಹೊಲಿಗೆ. ನ್ಯೂಕ್ಲಿಯೋಟೈಡ್ ಮಟ್ಟದಲ್ಲಿ ಬ್ಲಾಸ್ಟ್ (ಅನುಕ್ರಮ ಹೋಲಿಸುವ ತಂತ್ರಾಂಶ) ಮಾಡಿ, ಅಂಚಿನ ಎರಡೂ ಬದಿಗೆ 200 ಬೇಸ್ ತೆಗೆದು ಕಣ್ಣಾರೆ ಓದುತ್ತೇನೆ. ಒಂದು ಜೀನಿನ ಕೊನೆಯ ಟಿಎಎ ಎಂಬ ನಿಲುಗಡೆ ಗುರುತಿನವರೆಗೆ ಅಕ್ಷರಗಳು ಬಹುತೇಕ ಕೂಡುತ್ತಾ ಬಂದು, ಮುಂದಿನ ಹತ್ತು ಬೇಸಿನೊಳಗೆ ಹೋಲಿಕೆ ಪೂರ್ತಿ ಕುಸಿಯುತ್ತದೆ. ಕತ್ತರಿ ಜೀನ್ ನೋಡಿ ಬೀಳುತ್ತದೆಂದು ನಾನು ಒಪ್ಪುವುದಿಲ್ಲ. ಬಹಳಷ್ಟು ಹೊಲಿಗೆಗಳು ಎಲ್ಲೆಂದರಲ್ಲಿ ಬಿದ್ದು, ಜೀನ್ ಕೆಡಿಸಿದವು ಅಳಿದು, ಗಡಿಯಲ್ಲಿ ಬಿದ್ದವು ಉಳಿದಿವೆ. ಒಂದಕ್ಕೊಂದು ಕಚ್ಚಿ ಕೂರಬೇಕಾದ ತಲೆಯ ಪ್ರೋಟೀನುಗಳ ಜೀನ್‌ಗಳು ಒಟ್ಟಾಗಿಯೇ ಸಾಗುತ್ತವೆ. ಬಾಲದ ನಾರಿನ ಜೀನಿನಲ್ಲಾದರೋ ಹೊಲಿಗೆ ಒಳಗೇ ಸಿಗುತ್ತದೆ, ಆತಿಥೇಯವನ್ನು ಮುಟ್ಟುವ ತುದಿ ಮಾತ್ರ ಬದಲಾಗಿರುತ್ತದೆ.

ಕಂಡ ಹೊಲಿಗೆಯನ್ನು ದಾಟಿಹೋಗುವ ರೀಡ್ ಜೋಡಿ ಕನಿಷ್ಠ 20 ಇರಬೇಕು, ಅಲ್ಲಿ ಆಳ ಮೆಟ್ಟಿಲಿನಂತೆ ಏರಿಳಿಯಬಾರದು. ಆಮೇಲೆ ಒಂಟಿ ಪ್ಲಾಕಿನಿಂದಲೇ ಆ ಭಾಗದ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್: ಅಂಚಿನ ಆಚೀಚೆ 300 ಬೇಸ್ ದೂರದಲ್ಲಿ ಪ್ರೈಮರ್ (ಪ್ರತಿ ಶುರುವಾಗುವ ಗಿಡ್ಡ ಡಿಎನ್ಎ ಎಳೆ), 25 ಸುತ್ತು ಮೀರದಂತೆ. ಸುತ್ತು ಹೆಚ್ಚಾದರೆ, ಬೆರಕೆ ಮಾದರಿಯಲ್ಲಿ ಅರ್ಧ ಬೆಳೆದ ಎಳೆ ಇನ್ನೊಂದಕ್ಕೆ ಅಂಟಿ ಪಿಸಿಆರ್ ತಾನೇ ಹೊಲಿಗೆ ಹಾಕುತ್ತದೆ.

ಒಂದೇ ವಂಶವೃಕ್ಷ ಬರೆದು ಇಡೀ ಫೇಜ್‌ನ ಇತಿಹಾಸ ಎನ್ನಲಾಗದು; ಟರ್ಮಿನೇಸ್‌ನ ಮರ ಒಂದು ಹೇಳಿದರೆ ಬಾಲದ ನಾರಿನದು ಮತ್ತೊಂದು. ಬಾಲದ ಆಕಾರ ನೋಡಿ ಮಾಡಿದ್ದ ಹಳೆಯ ಮೂರು ಕುಟುಂಬಗಳನ್ನು 2022ರಲ್ಲಿ ವರ್ಗೀಕರಣದಿಂದ ಕೈಬಿಟ್ಟದ್ದು ಸರಿಯಾಗಿಯೇ ಇದೆ.

ಜೀನ್ ಕಾಣೆಯಾಗಿದೆ ಎನ್ನುವ ಮುನ್ನವೂ ರೀಡ್‌ಗಳಿಗೆ ಮರಳುತ್ತೇನೆ. ಪ್ರಯೋಗಾಲಯದ ಲ್ಯಾಂಬ್ಡಾದಲ್ಲಿ ಓಆರ್‌ಎಫ್-401, ಓಆರ್‌ಎಫ್-314 ಎಂದು ಎರಡು ಜೀನ್ ಆಗಿ ಬರೆದಿರುವುದು ಮೂಲ ಲ್ಯಾಂಬ್ಡಾದಲ್ಲಿ ಬದಿಗೆ ಚಾಚುವ ಬಾಲನಾರಿನ ಒಂದೇ ಜೀನ್. ಅಲ್ಲಿ ವಿನಿಮಯ ಏನೂ ನಡೆದಿಲ್ಲ, ಮೂರು ಮೂರು ಬೇಸಾಗಿ ಓದುವ ಚೌಕಟ್ಟು ಸರಿದಿದೆ, ಅಷ್ಟೇ.