ತೆಂಗಿನೆಣ್ಣೆ: ಅಂಗಡಿ ಬಿಲ್ಲು ಮತ್ತು ಸರ್ಕಾರಿ ಸಮೀಕ್ಷೆ ತಾಳೆಯಾದ ಬಗೆ

ಕುಮಟಾ-ಹೊನ್ನಾವರ ಕಡೆಯ ಅಂಗಡಿಗಳ ತಿಂಗಳ ಬಿಲ್ಲಿಂಗ್ ದತ್ತಾಂಶವನ್ನು 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಜೊತೆ ಕೂಡಿಸಿದರೆ ತೆಂಗಿನೆಣ್ಣೆಯ ಲೆಕ್ಕ ಹೊಂದುತ್ತಿರಲಿಲ್ಲ. ಮೊದಲು ಅವಧಿ ಸರಿಪಡಿಸಿದೆ. ಸಮೀಕ್ಷೆ ಅಕ್ಕಿ, ಬೇಳೆಗೆ ಕಳೆದ 30 ದಿನದ ಬಳಕೆ ಕೇಳಿದರೆ ಎಣ್ಣೆ, ಮೀನು, ತರಕಾರಿಗೆ ಕಳೆದ 7 ದಿನದ ಬಳಕೆ ಕೇಳುತ್ತದೆ. ಹಾಗಾಗಿ ಎಣ್ಣೆಯ ಪ್ರಮಾಣವನ್ನು 30/7ರಿಂದ ಗುಣಿಸಬೇಕು. ಲೀಟರ್ ಬಿಲ್ಲನ್ನು ಕಿಲೋಗೆ ತರುವಾಗ 0.92ರಿಂದ ಗುಣಿಸಿ.

ದೊಡ್ಡ ತೊಡಕು ಬೇರೆಯೇ. ಕರಾವಳಿಯಲ್ಲಿ ಹಿತ್ತಲ ಕಾಯಿಯ ಕೊಬ್ಬರಿ ಒಣಗಿಸಿ ಮಿಲ್ಲಿನಲ್ಲಿ ಎಣ್ಣೆ ಮಾಡಿಸುವ ಮನೆಗಳು ಬಹಳ. ಆ ಎಣ್ಣೆಗೆ ಅಂಗಡಿ ಬಿಲ್ಲಿಲ್ಲ, ಸಮೀಕ್ಷೆಯಲ್ಲಿ ಮಾತ್ರ ಇರುತ್ತದೆ. ಸ್ವಂತ ಉತ್ಪನ್ನದ ಪ್ರಮಾಣ ಕಳೆದು, ಕೊಂಡದ್ದನ್ನಷ್ಟೇ ಹೋಲಿಸಿದೆ. ಇದಕ್ಕೆ ತದ್ವಿರುದ್ಧವಾಗಿ, ತಲೆಗೆ ಹಚ್ಚುವ ಬಾಟಲಿಯೂ ಬಿಲ್ಲಿನಲ್ಲಿ ‘ತೆಂಗಿನೆಣ್ಣೆ’ಯೇ! ಸಮೀಕ್ಷೆಯಲ್ಲಿ ಅದು ಪ್ರಸಾಧನ ಸಾಮಗ್ರಿ. ಬಾರ್‌ಕೋಡ್ ನೋಡಿ ಬೇರ್ಪಡಿಸಲೇಬೇಕು.

ತಾಲ್ಲೂಕಿನ ಅಂಕಿಯನ್ನು ಸಮೀಕ್ಷೆಯಿಂದ ನೇರವಾಗಿ ತೆಗೆಯಬೇಡಿ, ಮಾದರಿ ಮನೆಗಳು ತೀರಾ ಕಡಿಮೆ. ತೂಕಾಂಕ (ಒಂದು ಮಾದರಿ ಮನೆ ಎಷ್ಟು ಮನೆಗಳನ್ನು ಪ್ರತಿನಿಧಿಸುತ್ತದೆ ಎಂಬ ಸಂಖ್ಯೆ) ಹಾಕಿ ಉಡುಪಿ, ದಕ್ಷಿಣ ಕನ್ನಡ ಸೇರಿದ ವಲಯದ ಮಟ್ಟವನ್ನು ಸಮೀಕ್ಷೆಯಿಂದ ಹಿಡಿಯಿರಿ. ತಿಂಗಳ ಏರಿಳಿತಕ್ಕೆ ಮಾತ್ರ ಬಿಲ್ಲು ಬಳಸಿ.