ಲೇಕ್ ಜಿನೀವಾದಲ್ಲಿ ಫಾಲ್: ಅಪ್ಪಯ್ಯ, ಅಮ್ಮನ ಜೊತೆ ದಂಡೆಯ ದಾರಿ ನಡೆದದ್ದು

"ಎಂತ ಮಾರಾಯ್ತಿ, ಇದು ಯಾರದ್ದೋ ಮನೆ ಅಂಗಳ ಅಲ್ದಾ? ಕೇಳದೆ ಹೋಗೋದಾ?"

ಅಪ್ಪಯ್ಯ ಅಲ್ಲೇ ನಿಂತುಬಿಟ್ಟರು. ಎಡಗಡೆ ನಾಲ್ಕು ಹೆಜ್ಜೆ ಇಟ್ಟರೆ ನೀರು. ಬಲಗಡೆ ಏರಿ ಹೋದ ಹುಲ್ಲುಹಾಸು, ಅದರ ತುದಿಯಲ್ಲಿ ನಮ್ಮೂರ ಹೈಸ್ಕೂಲಿಗಿಂತ ದೊಡ್ಡ ಮನೆ. ನಡುವೆ ಒಂದು ಕಾಲುದಾರಿ. "ಹೋಗಬಹುದು ಅಪ್ಪಯ್ಯ, ಇಲ್ಲಿ ಎಲ್ಲರಿಗೂ ನಡೆಯೋ ಹಕ್ಕಿದೆ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಎದುರಿಂದ ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು ನಕ್ಕು, ಗುಡ್ ಮಾರ್ನಿಂಗ್ ಹೇಳಿ ದಾಟಿ ಹೋದರು. ಆಮೇಲೆ ಹೆಜ್ಜೆ ಎತ್ತಿದರು.

ಲೇಕ್ ಜಿನೀವಾ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ಪುಟ್ಟ ಊರು. ಚಿಕಾಗೋದಿಂದ ಸುಮಾರು 80 ಮೈಲಿ. ಶಾಂಬರ್ಗ್‌ನಲ್ಲಿರುವ ನಮ್ಮ ಮನೆಯಿಂದ ಒಂದೂಕಾಲು ಗಂಟೆ. ಊರಿನ ಹೆಸರು ಲೇಕ್ ಜಿನೀವಾ, ಸರೋವರದ ಹೆಸರು ಜಿನೀವಾ ಲೇಕ್. ಬೇಸಿಗೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನಗೆ ಇಷ್ಟ ಆಗುವುದು ಅಕ್ಟೋಬರ್. ಇಲ್ಲಿರುವ ನಾವೆಲ್ಲ ಶರತ್ಕಾಲ ಅನ್ನುವುದಿಲ್ಲ, ಫಾಲ್ ಅಂತಲೇ ಹೇಳುತ್ತೇವೆ. ಊರಿಂದ ಬರುವ ಅಪ್ಪ ಅಮ್ಮಂದಿರು ಮೇ ತಿಂಗಳಲ್ಲಿ ಬಂದು ಹಿಮ ಬೀಳುವ ಮೊದಲು ಹೊರಡುತ್ತಾರಲ್ವಾ, ಅವರಿಗೆ ಕೊನೆಯದಾಗಿ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಆದರೆ ಮೊದಲ ಸಲ ನಾವು ಮಾಡಿದ್ದೆಲ್ಲ ತಪ್ಪು. ಅಕ್ಟೋಬರ್ ಎರಡನೇ ವಾರದ ಶನಿವಾರ ಹೋದೆವು. ಕೊಲಂಬಸ್ ದಿನದ ಆ ವಾರಾಂತ್ಯಕ್ಕೆ ಊರಲ್ಲಿ ಆಕ್ಟೋಬರ್‌ಫೆಸ್ಟ್ ಇರುತ್ತದೆ, ನಮಗೆ ಗೊತ್ತಿರಲಿಲ್ಲ. ಕಾರು ನಿಲ್ಲಿಸುವ ಜಾಗಕ್ಕೆ ಮುಕ್ಕಾಲು ಗಂಟೆ ಸುತ್ತಿದೆವು. ಮಧ್ಯಾಹ್ನ ಮೂರೂವರೆಗೆ ಲೈಬ್ರರಿ ಪಾರ್ಕ್‌ನಿಂದ ನಡೆಯಲು ಶುರು. ದಾರಿ ಅಷ್ಟು ಚೆನ್ನಾಗಿತ್ತು, ಹೋಗುತ್ತಲೇ ಇದ್ದೆವು. ಹೋದಷ್ಟೇ ದೂರ ವಾಪಸ್ ಬರಬೇಕು ಅನ್ನುವ ಲೆಕ್ಕ ಯಾರಿಗೂ ಬರಲಿಲ್ಲ. ಎರಡೂವರೆ ಮೈಲಿ ಆದಮೇಲೆ ಅಮ್ಮ "ಮಂಡಿ ಹಿಡೀತು ಕಣೇ" ಅಂದರು. ಅಲ್ಲಿಂದ ರಸ್ತೆಗೆ ಹತ್ತೋಣ ಅಂದರೆ ಆಗುವುದಿಲ್ಲ. ದಾರಿಯ ಮೇಲೆ ಮಾತ್ರ ನಮಗೆ ಹಕ್ಕು, ಎರಡೂ ಕಡೆ ಖಾಸಗಿ ಜಾಗ. ಒಳಗೆ ಬರುವುದು, ಹೊರಗೆ ಹೋಗುವುದು ಸಾರ್ವಜನಿಕ ಜಾಗಗಳಲ್ಲಿ ಮಾತ್ರ. ಮಧ್ಯೆ ಶೌಚಾಲಯವೂ ಸಿಗಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು, ಅಮ್ಮನ ಕೈ ಹಿಡಿದು, ಕತ್ತಲಾಗುವಾಗ ಪಾರ್ಕಿಗೆ ಬಂದು ಮುಟ್ಟಿದೆವು. ಅವತ್ತು ರಾತ್ರಿ ಅಮ್ಮನ ಮಂಡಿಗೆ ಎಣ್ಣೆ ಹಚ್ಚುತ್ತಾ ನಾನು ನಿಶ್ಚಯ ಮಾಡಿದೆ: ಇದನ್ನು ತುಂಡು ತುಂಡಾಗಿ ಮಾಡಬೇಕು.

ಪೂರ್ತಿ ದಾರಿ ಸುಮಾರು 21 ಮೈಲಿ, ಸರೋವರದ ಸುತ್ತ. ಊರಿನ ಲೈಬ್ರರಿಯಿಂದ ದಂಡೆಯ ಮೇಲಿನ ಇನ್ನೊಂದು ಊರಾದ ವಿಲಿಯಮ್ಸ್ ಬೇವರೆಗೆ ಏಳು ಮೈಲಿ. ಅಲ್ಲಿಂದ ಫಾಂಟಾನಾಕ್ಕೆ ಮೂರೂವರೆ. ಫಾಂಟಾನಾದಿಂದ ದಕ್ಷಿಣದ ದಂಡೆ ಹಿಡಿದು ಬಿಗ್ ಫುಟ್ ಬೀಚ್ ಸ್ಟೇಟ್ ಪಾರ್ಕ್‌ವರೆಗೆ ಎಂಟು. ಅಲ್ಲಿಂದ ಮತ್ತೆ ಊರಿಗೆ ಎರಡು. ಗಟ್ಟಿಮುಟ್ಟಾದ ಹುಡುಗರು ಒಂದೇ ದಿನಕ್ಕೆ ಮುಗಿಸುತ್ತಾರೆ. ವಯಸ್ಸಾದವರ ಜೊತೆ ಹೋಗುವವರಿಗೆ ನಾನು ಹೇಳುವುದು ವಿಲಿಯಮ್ಸ್ ಬೇಯಿಂದ ಫಾಂಟಾನಾ ತುಂಡು. ಮೂರೂವರೆ ಮೈಲಿ, ಎರಡೂ ತುದಿಯಲ್ಲಿ ಪಾರ್ಕ್, ಬೀಚ್ ಇದೆ. ಮುಖ್ಯ ಏನೆಂದರೆ ಜೊತೆಗಿರುವವರಲ್ಲಿ ಒಬ್ಬರು ನಡೆಯದೆ ಕಾರು ನೋಡಿಕೊಳ್ಳಬೇಕು. ನಮ್ಮ ಯಜಮಾನರು ನಮ್ಮನ್ನು ವಿಲಿಯಮ್ಸ್ ಬೇಯಲ್ಲಿ ಇಳಿಸಿ, ಕಾರು ತಗೊಂಡು ಫಾಂಟಾನಾದಲ್ಲಿ ಕಾಯುತ್ತಿದ್ದರು. ವಾಪಸ್ ನಡೆಯುವ ಮಾತೇ ಇಲ್ಲ.

ದಿನವನ್ನೂ ಬದಲಾಯಿಸಿದೆವು. ಈ ಭಾಗದಲ್ಲಿ ಎಲೆಗಳ ಬಣ್ಣ ಕಳೆಗಟ್ಟುವುದು ಅಕ್ಟೋಬರ್ ಮಧ್ಯದಿಂದ ಕೊನೆಯವರೆಗೆ. ಮಗನ ಸ್ಕೂಲಿಗೆ ಒಂದು ಶುಕ್ರವಾರ ರಜೆ ಇತ್ತು. ಅವತ್ತೇ ಬೆಳಗ್ಗೆ ಏಳಕ್ಕೆ ಹೊರಟೆವು. ಬುತ್ತಿಗೆ ಚಿತ್ರಾನ್ನ, ಮೊಸರನ್ನ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ. ಅಮ್ಮ ಸೀರೆಯ ಕೆಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಸ್ಪೋರ್ಟ್ಸ್ ಶೂ. ಅಪ್ಪಯ್ಯನಿಗೆ ಒಂದು ಊರುಗೋಲು. ಬೆಳಗ್ಗೆ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಇದ್ದದ್ದು ಮಧ್ಯಾಹ್ನ ಹದಿನೈದಕ್ಕೆ ಏರುತ್ತದೆ. ಒಂದೇ ದಪ್ಪ ಜಾಕೆಟ್‌ಗಿಂತ ತೆಳ್ಳಗಿನ ಎರಡು ಮೂರು ಪದರ ವಾಸಿ.

ಊರುಗೋಲು ಯಾಕೆ ಅಂದರೆ ಓಕ್ ಮರದ ಕಾಯಿಗೆ. ಆ ಕಾಲದಲ್ಲಿ ದಾರಿಯ ತುಂಬ ಉದುರಿರುತ್ತವೆ. ಎಲೆಯ ಕೆಳಗೆ ಕಾಣುವುದಿಲ್ಲ, ಕಾಲಿಟ್ಟರೆ ಗೋಲಿಯ ಹಾಗೆ ಉರುಳುತ್ತವೆ. ಇಬ್ಬನಿ ಬಿದ್ದ ಎಲೆ ಕಲ್ಲಿನ ಮೇಲೆ ಅಂಟಿಕೊಂಡಿದ್ದರಂತೂ ಜಾರುವುದೇ. ಅಪ್ಪಯ್ಯ ಮುಂದೆ ಹೋಗಿ ಕೋಲಿನಿಂದ ಎಲೆ ಸರಿಸುವುದು, ಅಮ್ಮ ಹಿಂದೆ ಕಾಲಿಡುವುದು. ಊರಲ್ಲಿ ಮಳೆಗಾಲದಲ್ಲಿ ತೋಟಕ್ಕೆ ಹೋಗುವಾಗಲೂ ಅವರಿಬ್ಬರೂ ಹೀಗೇ ನಡೆಯುತ್ತಾರೆ.

ಈ ದಾರಿ ಮೊದಲು ಇಲ್ಲಿನ ಮೂಲನಿವಾಸಿಗಳಾದ ಪೊಟವಟೊಮಿ ಜನರದ್ದು. ಅವರು ಈ ಸರೋವರವನ್ನು ಕಿಶ್ವೌಕಿಟೋ ಅಂತ ಕರೆಯುತ್ತಿದ್ದರು, ತಿಳಿನೀರು ಅಂತ ಅರ್ಥ. 1830ರ ದಶಕದಲ್ಲಿ ಅವರನ್ನು ಇಲ್ಲಿಂದ ಹೊರಗೆ ಕಳಿಸಿದರು. 1871ರ ಚಿಕಾಗೋ ಬೆಂಕಿಯ ನಂತರ ಅಲ್ಲಿನ ಶ್ರೀಮಂತರು ಬಂದು ದಂಡೆಯ ಮೇಲೆ ಬೇಸಿಗೆ ಮನೆ ಕಟ್ಟಿದರು. ಚ್ಯೂಯಿಂಗ್ ಗಮ್‌ನ ರಿಗ್ಲಿ ಕುಟುಂಬದ ಮನೆಯೂ ಇಲ್ಲಿದೆ. ಭೂಮಿ ಕೈ ಬದಲಾಯಿಸಿತು, ಕಾಲುದಾರಿ ಮಾತ್ರ ಉಳಿಯಿತು. ತಮ್ಮ ಜಾಗದ ಮುಂದಿನ ತುಂಡನ್ನು ಆಯಾ ಮನೆಯವರೇ ನೋಡಿಕೊಳ್ಳುತ್ತಾರೆ. ಅದಕ್ಕೇ ನಡೆಯುತ್ತಾ ಹೋದ ಹಾಗೆ ಕಾಲಿನ ಕೆಳಗೆ ಬದಲಾಗುತ್ತದೆ. ಇಲ್ಲಿ ಇಟ್ಟಿಗೆ, ಮುಂದೆ ಚಪ್ಪಡಿ ಕಲ್ಲು, ಅದರ ಮುಂದೆ ಜಲ್ಲಿ, ಮತ್ತೊಂದು ಕಡೆ ಬರೀ ಮಣ್ಣು ಮತ್ತು ಬೇರು. ಕಣ್ಣು ಮುಚ್ಚಿಕೊಂಡು ನಡೆದರೂ ಯಜಮಾನ ಬದಲಾದದ್ದು ಪಾದಕ್ಕೆ ಗೊತ್ತಾಗುತ್ತದೆ.

ಇದು ಅಪ್ಪಯ್ಯನಿಗೆ ತುಂಬ ಹಿಡಿಸಿತು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಸ್‌ಸ್ಟಾಪಿನಿಂದ ಬರಬೇಕಾದರೆ ಮೂರು ಜನರ ಅಡಿಕೆ ತೋಟ ದಾಟಬೇಕು. ಯಾರೂ ಬೇಡ ಅನ್ನುವುದಿಲ್ಲ. ಉಣುಗೋಲು ಸರಿಸಿ ಒಳಗೆ ಬಂದು, ಮತ್ತೆ ಹಾಕಿ ಹೋದರಾಯಿತು. "ಹಾಗಾದ್ರೆ ಇಲ್ಲೂ ಅದೇ. ಎಷ್ಟು ದೊಡ್ಡ ಸಾಹುಕಾರ ಆದ್ರೂ ದಾರಿ ಕಟ್ಟೋ ಹಾಗಿಲ್ಲ" ಅಂದರು. ಅಲ್ಲಿಂದ ಮುಂದೆ ಅವರ ನಡಿಗೆಯೇ ಬೇರೆ ಆಯಿತು.

ಬಣ್ಣದ ಬಗ್ಗೆ ಏನು ಬರೆದರೂ ಕಡಿಮೆ. ಶುಗರ್ ಮೇಪಲ್ ಮರ ಒಂದು ಕೊಂಬೆಯಲ್ಲಿ ಹಸಿರು, ಒಂದರಲ್ಲಿ ಹಳದಿ, ತುದಿಯಲ್ಲಿ ಕೆಂಡ. ಗಾಳಿ ಬಂದಾಗ ಎಲೆ ನೀರಿನ ಮೇಲೆ ಬಿದ್ದು, ತಿಳಿನೀರಲ್ಲವಾ, ಅದರ ನೆರಳು ಕೆಳಗಿನ ಕಲ್ಲಿನ ಮೇಲೆ ತೇಲುತ್ತಾ ಹೋಗುತ್ತದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಅಪ್ಪಯ್ಯ ಮೊಮ್ಮಗನನ್ನು ನಿಲ್ಲಿಸಿಕೊಂಡು ಪಾಠ ಶುರು ಮಾಡಿದರು. ಹಗಲು ಚಿಕ್ಕದಾದಾಗ ಮರ ಪತ್ರಹರಿತ್ತು ಮಾಡುವುದನ್ನು ನಿಲ್ಲಿಸುತ್ತದೆ, ಹಸಿರು ಹೋದಮೇಲೆ ಮೊದಲೇ ಇದ್ದ ಹಳದಿ ಕಾಣುತ್ತದೆ. ಕೆಂಪು ಹಾಗಲ್ಲ, ಅದು ಆಗ ಹೊಸದಾಗಿ ಹುಟ್ಟುವುದು. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಕೆಂಪು ಜಾಸ್ತಿ.

ಅಮ್ಮ ಎಲ್ಲ ಕೇಳಿಸಿಕೊಂಡು ಒಂದು ಮಾತು ಹೇಳಿದರು. "ನಮ್ಮಲ್ಲಿ ಕೆಂಪು ಬರೋದು ಚಿಗುರಿಗೆ ಅಲ್ದಾ? ಮಾವು, ನೇರಲೆ ಎಲ್ಲ ಚಿಗುರುವಾಗ ಕೆಂಪು. ಇಲ್ಲಿ ಹೋಗುವಾಗ ಕೆಂಪು." ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ.

ವಿಲಿಯಮ್ಸ್ ಬೇಯಲ್ಲೇ ಯರ್ಕ್ಸ್ ವೀಕ್ಷಣಾಲಯ ಇದೆ. ಅಪ್ಪಯ್ಯ ಬರುವ ಮೊದಲೇ ಅದರ ಟಿಕೆಟ್ ಆನ್‌ಲೈನಿನಲ್ಲಿ ತೆಗೆದಿಟ್ಟಿದ್ದೆ. ಸುಮ್ನೆ ಹೋಗಿ ನಿಂತರೆ ಒಳಗೆ ಬಿಡುತ್ತಾರೆ ಅಂದುಕೊಳ್ಳಬೇಡಿ. 1897ರ ಕಟ್ಟಡ. 40 ಇಂಚಿನ ಮಸೂರ ಇರುವ ದೂರದರ್ಶಕ. ಮಸೂರದಿಂದ ನೋಡುವ ಬಗೆಯಲ್ಲಿ, ಸಂಶೋಧನೆಗೆ ಬಳಸಿದವುಗಳ ಪೈಕಿ ಜಗತ್ತಿನಲ್ಲೇ ದೊಡ್ಡದು. ದೂರದರ್ಶಕ ಎತ್ತ ತಿರುಗಿದರೂ ನೋಡುವವರಿಗೆ ಎಟುಕಲಿ ಅಂತ ಗುಮ್ಮಟದ ಕೆಳಗಿನ ಇಡೀ ನೆಲವೇ ಲಿಫ್ಟಿನ ಹಾಗೆ ಮೇಲೆ ಕೆಳಗೆ ಹೋಗುವಂತೆ ಮಾಡಿದ್ದಾರೆ. 2018ರಲ್ಲಿ ಚಿಕಾಗೋ ವಿಶ್ವವಿದ್ಯಾಲಯ ಇದನ್ನು ಮುಚ್ಚಿತ್ತು. ಆಮೇಲೆ ಒಂದು ಪ್ರತಿಷ್ಠಾನ ವಹಿಸಿಕೊಂಡು ರಿಪೇರಿ ಮಾಡಿ 2022ರಲ್ಲಿ ತೆರೆಯಿತು.

ಆದರೆ ಅಪ್ಪಯ್ಯ ಹೋಗಿದ್ದು ದೂರದರ್ಶಕಕ್ಕಲ್ಲ, ಚಂದ್ರಶೇಖರ್‌ಗೆ. ಖಗೋಳ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ 1937ರಲ್ಲಿ ಇಲ್ಲಿಗೆ ಬಂದು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಇದೇ ಊರಲ್ಲಿ ಇದ್ದರು. ನಮ್ಮ ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿದ ಸಿ.ವಿ. ರಾಮನ್ ಅವರ ಅಣ್ಣನ ಮಗ. 1983ರಲ್ಲಿ ನೊಬೆಲ್ ಬಂತು. ಇಲ್ಲಿಂದ ಚಿಕಾಗೋವರೆಗೆ ಕಾರು ಓಡಿಸಿಕೊಂಡು ಹೋಗಿ ಬರೀ ಇಬ್ಬರು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು, ಆ ಇಬ್ಬರಿಗೂ, ಲೀ ಮತ್ತು ಯಾಂಗ್, 1957ರಲ್ಲಿ ನೊಬೆಲ್ ಬಂತು ಅನ್ನುವ ಕಥೆ ಎಲ್ಲರೂ ಹೇಳುತ್ತಾರೆ. ಅಪ್ಪಯ್ಯ ತಮ್ಮ ಕ್ಲಾಸಿನಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಬಿಡಬೇಕಿತ್ತು ಅಂದರು. ಕಾಲಲ್ಲಿ ಶೂ ಇತ್ತು.

ದೋಣಿ ಸವಾರಿ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಡೆಯಲು ಆಗದವರಿಗೆ ಅದೇ ಸರಿ, ಮನೆಗಳೆಲ್ಲ ನೀರಿನಿಂದ ಚೆನ್ನಾಗಿ ಕಾಣುತ್ತವೆ. 1916ರಿಂದ ಇಲ್ಲಿ ದೋಣಿಯಲ್ಲೇ ಅಂಚೆ ಹಂಚುತ್ತಾರೆ. ಚಲಿಸುವ ದೋಣಿಯಿಂದ ಹಾರಿ, ಕಾಗದ ಡಬ್ಬಿಗೆ ಹಾಕಿ, ಓಡಿಬಂದು ಮತ್ತೆ ದೋಣಿಗೆ ಹಾರುವುದು! ಆದರೆ ಅದು ಸೆಪ್ಟೆಂಬರ್ 15ಕ್ಕೆ ಮುಗಿಯುತ್ತದೆ. ಅದನ್ನೂ ನೋಡಬೇಕು, ಬಣ್ಣವನ್ನೂ ನೋಡಬೇಕು ಅಂದರೆ ಎರಡು ಸಲ ಬರಬೇಕು. ದೋಣಿಯಲ್ಲಿ ಗಾಳಿ ಜೋರು, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ವಾಪಸ್ ಬರುವಾಗ ಸೇಬಿನ ತೋಟಕ್ಕೆ ನುಗ್ಗಿದೆವು. ಸುತ್ತಮುತ್ತ ನಾವೇ ಕೊಯ್ದುಕೊಳ್ಳುವ ತೋಟಗಳಿವೆ, ಚೀಲದ ಅಳತೆಗೆ ದುಡ್ಡು. ಸೇಬನ್ನು ಎಳೆಯಬಾರದು. ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ಸ್ವಲ್ಪ ತಿರುಗಿಸಿದರೆ ತೊಟ್ಟಿನ ಸಮೇತ ಬರುತ್ತದೆ. ಎಳೆದರೆ ಮುಂದಿನ ವರ್ಷದ ಮೊಗ್ಗೂ ಕಿತ್ತುಬರುತ್ತದೆ. ಅಮ್ಮನಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. ಎಲ್ಲರೂ ಸಿಹಿ ಹುಡುಕುತ್ತಿದ್ದರೆ ಅವರು ಹುಳಿ ಇರುವ ಜೋನಾಥನ್ ಹಣ್ಣಿನ ಸಾಲಿಗೆ ಹೋದರು. ಮನೆಗೆ ಬಂದು ತುರಿದು, ಎಣ್ಣೆಯಲ್ಲಿ ಬಾಡಿಸಿ, ಹುರಿದ ಮೆಂತ್ಯದ ಪುಡಿ, ಖಾರದ ಪುಡಿ, ಇಂಗಿನ ಒಗ್ಗರಣೆ ಹಾಕಿ ತೊಕ್ಕು ಮಾಡಿದರು. ಅನ್ನಕ್ಕೆ ಕಲಸಿಕೊಂಡರೆ ಮಾವಿನಕಾಯಿಯದ್ದೇ ನೆನಪು. ಕುಂಬಳಕಾಯಿ ತರುವವರಿಗೆ ಒಂದು ಮಾತು: ಹ್ಯಾಲೋವೀನ್‌ಗೆ ಕೆತ್ತುವ ದೊಡ್ಡದು ನಾರು, ನೀರು ಜಾಸ್ತಿ. ಅಡುಗೆಗೆ ಪೈ ಪಂಪ್ಕಿನ್ ಅಂತ ಸಣ್ಣದು ಸಿಗುತ್ತದೆ. ಕಡುಬಿಗೆ ಅದೇ ಆಗಬೇಕು.

ಫಾಂಟಾನಾ ಹತ್ತಿರ ಕಂಡದ್ದನ್ನು ಹೇಳದಿದ್ದರೆ ಬರೆದದ್ದು ಪೂರ್ತಿ ಆಗುವುದಿಲ್ಲ. ದಂಡೆಯ ಉದ್ದಕ್ಕೂ ಪ್ರತಿ ಮನೆಗೂ ಒಂದು ಬಿಳಿ ಪಿಯರ್ ಇದೆ. ನೀರಿನೊಳಗೆ ಚಾಚಿಕೊಂಡ, ದೋಣಿ ಕಟ್ಟುವ ಹಲಗೆಯ ಸೇತುವೆ ಅನ್ನಿ. ಅವತ್ತು ಎದೆಮಟ್ಟದ ರಬ್ಬರ್ ದಿರಿಸು ಹಾಕಿಕೊಂಡ ನಾಲ್ಕು ಜನ ಆ ತಣ್ಣೀರಿನಲ್ಲಿ ನಿಂತು ಒಂದನ್ನು ಬಿಚ್ಚುತ್ತಿದ್ದರು. ಒಬ್ಬ ಹಲಗೆ ಎತ್ತಿ ಕೊಡುವುದು, ಇನ್ನೊಬ್ಬ ದಂಡೆಯ ಮೇಲೆ ಸಾಲಾಗಿ ಪೇರಿಸುವುದು. ಅಪ್ಪಯ್ಯ ಇಪ್ಪತ್ತು ನಿಮಿಷ ಕೋಲೂರಿ ನೋಡಿದರು. ಯಾಕೆ ಬಿಚ್ಚುತ್ತಾರೆ ಅಂತ ಕೇಳಿದರು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ, ಮಂಜುಗಡ್ಡೆ ಹಿಗ್ಗಿ ಸರಿದರೆ ಕಂಬಗಳನ್ನೆಲ್ಲ ಮುರಿದುಹಾಕುತ್ತದೆ ಅಂದೆ.

"ಮತ್ತೆ ಹಾಕೋದು?"

"ಚಳಿ ಹೋದ್ಮೇಲೆ, ಬೇಸಿಗೆಗೆ ಮುಂಚೆ."

"ಪ್ರತಿ ವರ್ಷ?"

"ಪ್ರತಿ ವರ್ಷ."

"ಸರಿ ಹಾಗಾದ್ರೆ. ನಾವು ಮಳೆಗಾಲಕ್ಕೆ ಮುಂಚೆ ಸಂಕ ಕಟ್ತೇವೆ, ಇವ್ರು ಚಳಿಗಾಲಕ್ಕೆ ಮುಂಚೆ ಸಂಕ ಬಿಚ್ತಾರೆ."

ನವೆಂಬರ್ ಮೊದಲ ವಾರ ಇಬ್ಬರೂ ಊರಿಗೆ ಹೊರಟರು. ಮೇ ತಿಂಗಳ ಕೊನೆಗೆ ಒಂದು ಬೆಳಗ್ಗೆ ಅಪ್ಪಯ್ಯನ ಫೋನು. ತೋಟದ ಕೆಳಗಿನ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕಿ ಆಯಿತಂತೆ. ಮೋಡ ಕಟ್ಟಿದೆಯಂತೆ. ಆಮೇಲೆ ಕೇಳಿದರು, "ಅಲ್ಲಿ ಹಲಗೆ ಹಾಕಿದ್ರಾ?"

ಆ ಶನಿವಾರ ಫಾಂಟಾನಾಕ್ಕೆ ಹೋಗಿ ಫೋಟೋ ತೆಗೆದು ಕಳಿಸಿದೆ. ಹಾಕಿದ್ದರು.