ಒಂಟಾರಿಯೋದಲ್ಲಿ ಕಾರಿನ ಅಡಿಗೆ ತುಕ್ಕು ಹಿಡಿಯದ ಹಾಗೆ

ಕೆನಡಾದ ಒಂಟಾರಿಯೋಗೆ ಬಂದ ಮೇಲೆ ಕೊಂಡ ನನ್ನ ಮೊದಲ ಕಾರು ಮೇಲಿಂದ ನೋಡಿದರೆ ಹೊಸದರ ಹಾಗೇ ಇತ್ತು. ಮಾರೋಣ ಅಂತ 'ಸೇಫ್ಟಿ' ಮಾಡಿಸಲು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಕಾರನ್ನು ಲಿಫ್ಟಿಗೆ ಏರಿಸಿ, ಬಾಗಿಲ ಕೆಳಗಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದ. ನೆನೆದ ರೊಟ್ಟಿಗೆ ಚುಚ್ಚಿದ ಹಾಗೆ ಸರಕ್ಕನೆ ಒಳಗೆ ಹೋಯಿತು. ಕಂದು ಪುಡಿ ಅವನ ಬೂಟಿನ ಮೇಲೆ ಉದುರಿತು.

ಸೇಫ್ಟಿ ಅಂದರೆ ಸೇಫ್ಟಿ ಸ್ಟ್ಯಾಂಡರ್ಡ್ಸ್ ಸರ್ಟಿಫಿಕೇಟ್. ಹಳೇ ಕಾರು ಕೊಂಡವರು ಅದಕ್ಕೆ ನಂಬರ್ ಪ್ಲೇಟ್ ಹಾಕಿ ರಸ್ತೆಗೆ ಇಳಿಸಬೇಕಾದರೆ ಸಾಮಾನ್ಯವಾಗಿ ಇದು ಬೇಕೇ ಬೇಕು. ತಪಾಸಣೆಯಾದ ಮೇಲೆ 36 ದಿನ ಮಾತ್ರ ನಡೆಯುತ್ತದೆ. ನೆಲದ ತಗಡು ತೂತಾಗಿದ್ದರೆ, ಬ್ರೇಕ್ ಪೈಪನ್ನು ತುಕ್ಕು ತಿಂದಿದ್ದರೆ ಪಾಸಾಗುವುದಿಲ್ಲ. ಹಾಗಾಗಿ ಎಂಜಿನ್ ಚೆನ್ನಾಗಿದ್ದರೂ ಅಡಿಭಾಗ ಕೆಟ್ಟರೆ ಕಾರಿಗೆ ಬೆಲೆ ಇಲ್ಲ.

ಇದಕ್ಕೆಲ್ಲ ಕಾರಣ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಸುರಿಯುವ ಉಪ್ಪು. ಉಪ್ಪುನೀರು, ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಬಳಸುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ, ಬೇಗ ಒಣಗುವುದೇ ಇಲ್ಲ. ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಕಾರಿಗೆ ಒಳ್ಳೆಯದು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅಂಟಿಕೊಂಡ ಹಿಮ ಅಲ್ಲಿ ಕರಗಿ, ಉಪ್ಪುನೀರಾಗಿ ಸಂದಿಗೊಂದಿಗೆ ಇಳಿಯುತ್ತದೆ. ಬಿಸಿಗೆ ತುಕ್ಕು ಇನ್ನೂ ಜೋರಾಗುತ್ತದೆ.

ಹೊಸ ಕಾರು ಕೊಳ್ಳುವಾಗ ಡೀಲರ್ ಕೊನೆಯಲ್ಲಿ ಒಂದು ರೂಮಿಗೆ ಕೂರಿಸಿ 'ರಸ್ಟ್ ಪ್ಯಾಕೇಜ್' ಮಾರುತ್ತಾರೆ. ಬ್ಯಾಟರಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಡಬ್ಬಿಗೆ ನಾನಂತೂ ದುಡ್ಡು ಕೊಡಲ್ಲ. ಕಪ್ಪು ರಬ್ಬರಿನ ಲೇಪವೂ ಒಮ್ಮೆ ಬಿರುಕು ಬಿಟ್ಟರೆ ಒಳಗೇ ನೀರು ಹಿಡಿದುಕೊಳ್ಳುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ. ವರ್ಷಕ್ಕೊಮ್ಮೆ ಎಣ್ಣೆ ಸಿಂಪಡಿಸುವುದೇ ವಾಸಿ. ಕ್ರೌನ್, ರಸ್ಟ್ ಚೆಕ್ ಅಂಗಡಿಗಳು ಮಾಡುವುದು ಇದನ್ನೇ. ಮನೆಯಲ್ಲೂ ಮಾಡಬಹುದು. ಫ್ಲೂಯಿಡ್ ಫಿಲ್ಮ್‌ನಂಥ, ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ವಾಸನೆ ಮಾತ್ರ ಸ್ವಲ್ಪ ದಿನ ತಡೆದುಕೊಳ್ಳಬೇಕು.

ಅಕ್ಟೋಬರ್ ಕೊನೆಯಲ್ಲಿ ಚಳಿಗಾಲದ ಟೈರ್ ಹಾಕುವಾಗಲೇ ಮಾಡಿ. ಹೇಗೂ ಚಕ್ರ ಬಿಚ್ಚಿರುತ್ತೀರಿ, ಒಳಗೆಲ್ಲ ಕೈ ಹೋಗುತ್ತದೆ. ಹಿಂದಿನ ದಿನ ಸೆಲ್ಫ್ ಸರ್ವಿಸ್ ಕಾರ್ ವಾಶ್‌ನಲ್ಲಿ ಅಡಿಗೆ ಚೆನ್ನಾಗಿ ನೀರು ಹೊಡೆಯಿರಿ. ಮನೆ ಮುಂದಿನ ಡ್ರೈವ್‌ವೇನಲ್ಲಿ ಸೋಪು ಹಾಕಿ ತೊಳೆಯಬೇಡಿ. ಬೀದಿಯ ಮೋರಿ ನೀರು ಬಹುತೇಕ ಶುದ್ಧವಾಗದೇ ಹೊಳೆ, ಕೆರೆ ಸೇರುತ್ತದೆ. ಕಾರು ಪೂರ್ತಿ ಒಣಗಲಿ. ಕಾಂಡೋ, ಅಂದರೆ ಅಪಾರ್ಟ್‌ಮೆಂಟಿನಲ್ಲಿದ್ದರೆ ಪಾರ್ಕಿಂಗ್‌ನಲ್ಲಿ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ, ಸುಮ್ನೆ ಅಂಗಡಿಗೆ ಹೋಗಿ.

ಬರೀ ಜಾಕ್ ನಂಬಿ ಯಾವತ್ತೂ ಕಾರಿನಡಿ ತೂರಬೇಡಿ. ಜಾಕ್ ಸ್ಟ್ಯಾಂಡ್ ಕೊಡಿ, ನೆಲದ ಮೇಲಿರುವ ಚಕ್ರಕ್ಕೆ ಅಡ್ಡ ಕೊಡಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಸಡಿಲವಾದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ಸಿಂಪಡಿಸಿ. ತಗಡು ತಗಡು ಸೇರುವ ಜಾಗ, ಬ್ರೇಕ್ ಪೈಪಿನ ಉದ್ದಕ್ಕೂ, ಚಕ್ರದ ಮೇಲಿನ ಗೂಡಿನ ಅಂಚು, ಬೋಲ್ಟ್‌ಗಳ ತಲೆ, ಇಲ್ಲೆಲ್ಲ ಧಾರಾಳವಾಗಿ. ಬ್ರೇಕ್ ಡಿಸ್ಕ್, ಪ್ಯಾಡ್‌ಗೆ ಒಂದು ಹನಿಯೂ ಬೀಳಬಾರದು. ಪ್ಲಾಸ್ಟಿಕ್ ಚೀಲ ಕಟ್ಟಿಬಿಡಿ. ಸೈಲೆನ್ಸರ್ ಮತ್ತು ಅದರ ಪೈಪಿಗೂ ಬೇಡ, ಬಿಸಿಯಾದಾಗ ಹೊಗೆ ಬರುತ್ತದೆ, ಬೆಂಕಿಯ ಭಯವೂ ಇದೆ. ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳಿಂದ ದೂರ ಇರಿ.

ಇನ್ನೊಂದು ವಿಷಯ. ಬಾಗಿಲುಗಳ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ನೀರು ಇಳಿಯಲು ಇರುವುದು. ಎಲೆ, ಮಣ್ಣು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ, ಕೊಳವೆ ತೂರಿಸಿ ಒಳಗೂ ಸಿಂಪಡಿಸಿ. ನನ್ನ ಕಾರು ಹೋಗಿದ್ದು ಅಂಥದ್ದೇ ಒಂದು ತೂತು ಕಟ್ಟಿಕೊಂಡು.

ಎಣ್ಣೆ ಎರಡು ದಿನ ತೊಟ್ಟಿಕ್ಕುತ್ತದೆ, ಕೆಳಗೆ ರಟ್ಟು ಹಾಸಿಡಿ.